ಹಳೆಯ ಕಾರಿನ ಬೆಲೆ ಎಲ್ಲಿದೆ?

ಅಜ್ಜನ ಕೊಡಲಿಗೆ ಮಗನು ಹೊಸ ಕಾವು ಹಾಕಿಸಿದನು. ಮೊಮ್ಮಗನು ಅಲಗನ್ನೇ ಬದಲಾಯಿಸಿದನು. ಅದು ಇನ್ನೂ ಅಜ್ಜನ ಕೊಡಲಿಯೇ? ಇಂಥದೇ ಒಗಟನ್ನು 1990ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು ಬಿಡಿಸಬೇಕಾಯಿತು. ಅಲ್ಲಿ ವಿವಾದಕ್ಕೊಳಗಾದುದು, ಒಂದು ಕೋಟಿ ಪೌಂಡಿಗೆ ಮಾರಾಟದ ಒಪ್ಪಂದವಾಗಿದ್ದ ಬೆಂಟ್ಲಿ ಪಂದ್ಯದ ಕಾರು.

‘ಓಲ್ಡ್ ನಂಬರ್ ಒನ್’ ಎಂಬ ಈ ಕಾರು 1929 ಮತ್ತು 1930ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಗೆದ್ದಿತ್ತು. 1932ರ ಹೊತ್ತಿಗೆ ಅದರ ಚಾಸಿಯೂ ಎಂಜಿನೂ ಬದಲಾಗಿದ್ದವು. ಆ ವರ್ಷ ಬ್ರೂಕ್‌ಲ್ಯಾಂಡ್ಸ್ ಓಟದಲ್ಲಿ ಅಪಘಾತವಾಗಿ ಚಾಲಕ ಕ್ಲೈವ್ ಡನ್‌ಫೀ ಮಡಿದನು. ಬಳಿಕ ಕಾರನ್ನು ಮತ್ತೆ ಕಟ್ಟಲಾಯಿತು. ಇದು ನಿಜವಾದ ಕಾರಲ್ಲವೆಂದು ಕೊಳ್ಳುವವರು ಹಣ ತೆರಲು ಒಪ್ಪಲಿಲ್ಲ.

ತಜ್ಞರ ಸಾಕ್ಷ್ಯವನ್ನು ಕೇಳಿದ ನ್ಯಾಯಾಧೀಶರು, 1930ರ ಕಾರಿನಿಂದ ಉಳಿದಿರುವುದು ಗೇರುಪೆಟ್ಟಿಗೆಯ ಹೊರಕವಚ, ಪೆಡಲಿನ ದಂಡ, ಸ್ಟಿಯರಿಂಗ್ ಕಂಬ ಇಷ್ಟೇ ಎಂದು ಕಂಡರು. ಆದರೂ ಇದೇ ಆ ಕಾರು ಎಂದು ತೀರ್ಪಿತ್ತರು! ಭಾಗಗಳು ಒಂದೊಂದಾಗಿ ಬದಲಾದವೇ ಹೊರತು ಇತಿಹಾಸದ ಎಳೆ ಎಲ್ಲಿಯೂ ಕಡಿದಿರಲಿಲ್ಲ. ಆ ಹೆಸರಿಗೆ ಹಕ್ಕುಳ್ಳ ಬೇರೊಂದು ಕಾರೂ ಇರಲಿಲ್ಲ.

ಆದುದರಿಂದಲೇ ಹಳೆಯ ಕಾರುಗಳಿಗೆ ಬೆಲೆ ಕಟ್ಟುವವರು ಹೊಳಪಿಗೆ ಮರುಳಾಗುವುದಿಲ್ಲ. ಚಾಸಿ, ಎಂಜಿನುಗಳ ಮೇಲೆ ಒತ್ತಿದ ಸಂಖ್ಯೆಗಳನ್ನು ಕಾರ್ಖಾನೆಯ ದಾಖಲೆಗಳೊಡನೆ ಹೋಲಿಸುತ್ತಾರೆ; ಹಳೆಯ ಛಾಯಾಚಿತ್ರಗಳನ್ನು ಹುಡುಕುತ್ತಾರೆ. ಯಾರೂ ಕೈಯಿಕ್ಕದ ಕಾರು ದೊರೆತರೆ, ಬಣ್ಣ ಮಾಸಿದ್ದರೂ ಅದು ಪುನರುದ್ಧಾರಗೊಂಡ ಕಾರಿಗಿಂತ ಹೆಚ್ಚು ಬೆಲೆ ಪಡೆಯುವುದುಂಟು. ಹೊಸ ಬಣ್ಣವನ್ನು ಎಂದು ಬೇಕಾದರೂ ಬಳಿಯಬಹುದು. ಕೆರೆದು ತೆಗೆದ ಮೊದಲ ಬಣ್ಣವನ್ನು ಯಾವ ಕುಶಲಿಯೂ ಮರಳಿ ತರಲಾರನು.