ಸ್ಪರ್ಶವನ್ನರಿಯುವ ಕೃತಕ ಚರ್ಮ

ಕಾದ ಪಾತ್ರೆಯನ್ನು ಅರಿಯದೆ ಮುಟ್ಟಿದವನು ಕೈಯನ್ನು ಹಿಂದಕ್ಕೆಳೆದುಕೊಳ್ಳಲು ಯಾರ ಉಪದೇಶವೂ ಬೇಕಾಗುವುದಿಲ್ಲ. ಬುದ್ಧಿಯು ವಿಚಾರಮಾಡುವುದಕ್ಕೆ ಮೊದಲೇ ಚರ್ಮವು ತನ್ನ ಕೆಲಸವನ್ನು ಮುಗಿಸಿರುತ್ತದೆ. ಕಣ್ಣು ಕಿವಿಗಳಿಗೆ ಒಂದೊಂದು ನೆಲೆಯುಂಟು. ತ್ವಗಿಂದ್ರಿಯವಾದರೋ ಶರೀರವನ್ನೆಲ್ಲ ವ್ಯಾಪಿಸಿರುವುದೆಂದೂ, ಸ್ಪರ್ಶವು ಶೀತ, ಉಷ್ಣ, ಎರಡೂ ಅಲ್ಲದ್ದು ಎಂದು ಮೂರು ಬಗೆಯೆಂದೂ ತರ್ಕಸಂಗ್ರಹವನ್ನು ಓದಿದವರೆಲ್ಲರೂ ಬಲ್ಲರು. ಈ ಜ್ಞಾನವು ನಮಗೆ ಉಂಟಾಗುವ ಬಗೆಯನ್ನು ಬಿಡಿಸಿ ತೋರಿಸಿದ ಡೇವಿಡ್ ಜೂಲಿಯಸ್, ಆರ್ಡೆಮ್ ಪಟಪೂಟಿಯನ್ ಎಂಬ ಇಬ್ಬರು ವಿಜ್ಞಾನಿಗಳಿಗೆ 2021ರ ನೊಬೆಲ್ ಪಾರಿತೋಷಕವು ದೊರೆಯಿತು. ನರಗಳ ತುದಿಯಲ್ಲಿ ಶಾಖಕ್ಕೆ ತೆರೆಯುವ ಬಾಗಿಲು ಬೇರೆ, ಒತ್ತಡಕ್ಕೆ ತೆರೆಯುವ ಬಾಗಿಲು ಬೇರೆ. ಜೂಲಿಯಸರು ಶಾಖದ ಬಾಗಿಲನ್ನು ಪತ್ತೆಮಾಡಿದ್ದು ಮೆಣಸಿನಕಾಯಿಯ ಖಾರದ ಸಹಾಯದಿಂದ ಎಂದರೆ ನಮ್ಮ ವಾಚಕರಿಗೆ ವಿನೋದವೆನಿಸಬಹುದು.

ಇಂತಹ ಚರ್ಮವನ್ನು ಮನುಷ್ಯನು ತನ್ನ ಕೈಯಿಂದಲೇ ನಿರ್ಮಿಸಬಲ್ಲನೇ? ಬಲ್ಲನೆಂಬುದಕ್ಕೆ ಕೆಲವು ನಿದರ್ಶನಗಳು ಈಗಾಗಲೇ ದೊರೆತಿವೆ. ಜಪಾನಿನ ಟೋಕಿಯೋ ವಿಶ್ವವಿದ್ಯಾನಿಲಯದ ತಕಾವೊ ಸೊಮೆಯಾ ಎಂಬವರೂ ಅವರ ಸಹೋದ್ಯೋಗಿಗಳೂ 2005ರಲ್ಲಿ ಒತ್ತಡ, ಶಾಖ ಎರಡನ್ನೂ ಅರಿಯುವ ಬಲೆಯಂತಹ ಪ್ಲಾಸ್ಟಿಕ್ ಹಾಳೆಯೊಂದನ್ನು ಪ್ರಕಟಪಡಿಸಿದರು. ಅದರ ತತ್ತ್ವವು ಕಠಿನವಾದುದಲ್ಲ. ಇಂಗಾಲದ ಕಣಗಳನ್ನು ಬೆರೆಸಿದ ರಬ್ಬರನ್ನು ಅದುಮಿದರೆ ಕಣಗಳು ಒಂದಕ್ಕೊಂದು ಹತ್ತಿರವಾಗಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ಶಾಖವು ಏರಿದಂತೆ ಡಯೋಡುಗಳಲ್ಲಿ ಹರಿಯುವ ವಿದ್ಯುತ್ತಿನ ಪ್ರಮಾಣವೂ ಬದಲಾಗುತ್ತದೆ. ಚದುರಂಗದ ಮನೆಗಳಂತೆ ಸಾಲುಸಾಲಾಗಿ ಜೋಡಿಸಿದ ಟ್ರಾನ್ಸಿಸ್ಟರುಗಳು ಯಾವ ಮನೆಯಲ್ಲಿ ಎಷ್ಟು ಬದಲಾವಣೆಯಾಯಿತೆಂಬುದನ್ನು ಓದಿ ಹೇಳುತ್ತವೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಝೆನಾನ್ ಬಾವೊ ಎಂಬ ವಿದುಷಿಯ ಬಳಗವು 2010ರಲ್ಲಿ ರಬ್ಬರಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಪಿರಮಿಡ್ಡುಗಳನ್ನು ಮೂಡಿಸಿ, ಒಂದು ನೊಣವು ಬಂದು ಕುಳಿತ ಭಾರವನ್ನೂ ಅರಿಯುವಂತೆ ಮಾಡಿತು.

ಆದರೆ ಅರಿತರೆ ಸಾಲದು. ಅರಿತುದನ್ನು ಮಿದುಳಿಗೆ ಮುಟ್ಟಿಸಬೇಕು. 2018ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದವರು ಕೃತಕ ಕೈಯ ಬೆರಳ ತುದಿಗಳಿಗೆ ಬಟ್ಟೆ ಮತ್ತು ರಬ್ಬರಿನ ಕವಚವನ್ನು ತೊಡಿಸಿ, ಅದರ ಸಂಕೇತಗಳನ್ನು ಮೊಂಡುಗೈಯ ನರಗಳಿಗೆ ಚರ್ಮದ ಮೇಲಿನಿಂದಲೇ ಕಳುಹಿಸಿದರು. ಕೈಯನ್ನು ಕಳೆದುಕೊಂಡಿದ್ದ ವ್ಯಕ್ತಿಗೆ ದುಂಡಗಿನ ವಸ್ತುವಿಗೂ ಚೂಪಾದ ವಸ್ತುವಿಗೂ ಇರುವ ಭೇದವು ತಿಳಿಯಿತು, ನೋವೂ ತಿಳಿಯಿತು. ಶಾಖವನ್ನರಿಯುವ ಶಕ್ತಿಯು ಮಾತ್ರ ಆ ಕವಚಕ್ಕೆ ಇರಲಿಲ್ಲ. 2023ರಲ್ಲಿ ಬಾವೊ ಅವರ ಬಳಗವು ಕೇವಲ 5 ವೋಲ್ಟುಗಳಲ್ಲಿ ನಡೆಯುವ ಮೃದುವಾದ ಚರ್ಮವೊಂದನ್ನು ರಚಿಸಿತು. ಅದು ಒತ್ತಡವನ್ನೂ ಶಾಖವನ್ನೂ ನರಗಳ ಮಾದರಿಯ ಮಿಡಿತಗಳನ್ನಾಗಿ ಮಾರ್ಪಡಿಸಿತು. ಆ ಮಿಡಿತವು ಇಲಿಯೊಂದರ ಮಿದುಳನ್ನು ಸೇರಿ, ಅಲ್ಲಿಂದ ಹೊರಟ ಆಜ್ಞೆಯು ಕೃತಕ ಸಂಧಿಯೊಂದನ್ನು ದಾಟಿ, ಇಲಿಯ ಕಾಲನ್ನು ಮಿಡುಕಿಸಿತು.

ಇವನ್ನೆಲ್ಲ ಓದಿ, ಪ್ರಕೃತಿಯನ್ನು ಗೆದ್ದೆವೆಂದು ಹಿಗ್ಗುವುದು ವಿವೇಕವಾಗಲಾರದು. ಮನುಷ್ಯನ ಒಂದು ಅಂಗೈಯಲ್ಲಿಯೇ ಸ್ಪರ್ಶವನ್ನರಿಯುವ ನರಾಗ್ರಗಳು ಸುಮಾರು 17,000 ಇವೆ. ನಮ್ಮ ಚರ್ಮವು ಬೆವರುತ್ತದೆ, ಹಿಗ್ಗುತ್ತದೆ, ತರಚಿದರೆ ತಾನಾಗಿಯೇ ಮಾಯುತ್ತದೆ. ಕೃತಕ ಚರ್ಮವು ವರ್ಷಗಟ್ಟಲೆ ದುಡಿಯುವ ಕೈಗೆ ಒಗ್ಗಬೇಕಾದರೆ ಇವೆಲ್ಲವನ್ನೂ ಕಲಿಯಬೇಕು. ಎಳೆದಾಗ ಆಗುವ ಬದಲಾವಣೆಯನ್ನು ಶಾಖವೆಂದು ಭ್ರಮಿಸದಿರಬೇಕು.

ಹಾಗಾದರೆ ಈ ಪ್ರಯೋಗಶಾಲೆಯ ಸಂಗತಿಯಿಂದ ನಮಗೇನು ಎಂದು ಕೇಳುವವರು ಇದ್ದಾರು. ಅಂತಹವರು ತಮ್ಮ ಮನೆಯ ಹಿರಿಯರ ಅಂಗಾಲನ್ನು ಒಮ್ಮೆ ನೋಡಬೇಕೆಂದು ನಮ್ಮ ಬಿನ್ನಹ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಗಣನೆಯಂತೆ, ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆಯು 10 ಕೋಟಿಯನ್ನು ಮೀರಿದೆ. ಈ ರೋಗವು ಹಳೆಯದಾದಂತೆ ಹಲವರ ಪಾದಗಳ ನರಗಳು ಜಡವಾಗುತ್ತವೆ. ಕುಷ್ಠರೋಗವೂ ಹೀಗೆಯೇ ಕೈಕಾಲುಗಳ ಅರಿವನ್ನು ಕದಿಯುತ್ತದೆ. ಮುಳ್ಳು ನೆಟ್ಟರೂ, ಕೆಂಡ ತಗುಲಿದರೂ ತಿಳಿಯದ ಕಾಲಿನಲ್ಲಿ ಹುಣ್ಣು ಸದ್ದಿಲ್ಲದೆ ಬೆಳೆಯುತ್ತದೆ. ಕೊನೆಗೆ ಕಾಲನ್ನೇ ಕತ್ತರಿಸಬೇಕಾಗಿ ಬರುವುದೂ ಉಂಟು. ನೋವು ಶತ್ರುವಲ್ಲ, ಕಾವಲುಗಾರನೆಂಬುದು ಅದನ್ನು ಕಳೆದುಕೊಂಡವರಿಗೇ ಚೆನ್ನಾಗಿ ಗೊತ್ತು. ಪಾದರಕ್ಷೆಯೊಳಗೆ ಹಾಸಿದ ಇಂತಹ ಹಾಳೆಯೊಂದು ಒತ್ತಡ ಹೆಚ್ಚಾದ ಜಾಗವನ್ನೂ, ಹುಣ್ಣಿಗೆ ಮುಂಚೆ ಬಿಸಿಯೇರಿದ ಜಾಗವನ್ನೂ ಎಚ್ಚರಿಸುವಂತಾದರೆ, ಅದು ಮಿದುಳನ್ನು ಮುಟ್ಟದಿದ್ದರೂ ಮಹೋಪಕಾರವೇ ಸರಿ. ಯಂತ್ರಮಾನವನ ಬೆರಳನ್ನು ಸಿಂಗರಿಸುವುದಕ್ಕಿಂತ ಮೊದಲು ಈ ವಿದ್ಯೆಯು ಮರಗಟ್ಟಿದ ಕಾಲಿಗೆ ಒದಗಬೇಕೆಂಬುದೇ ನಮ್ಮ ಅಭಿಪ್ರಾಯ.

ಆ ದಿನವು ಬರುವ ತನಕ ಕೈಕಟ್ಟಿ ಕುಳಿತಿರಬೇಕಾದ ಕಾರಣವಿಲ್ಲ. ತೆಳುವಾದ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ, ‘ತಿಳಿಯಿತೇ?’ ಎಂದು ಕೇಳುವ ಪರೀಕ್ಷೆಯು ವೈದ್ಯರಿಗೆಲ್ಲ ಪರಿಚಿತವಾದುದು. ಅದಕ್ಕೆ ವಿದ್ಯುತ್ತೂ ಬೇಡ, ಹೆಚ್ಚಿನ ದ್ರವ್ಯವೂ ಬೇಡ. ತಾಲ್ಲೂಕು ಆಸ್ಪತ್ರೆಗೆ ಬರುವ ಪ್ರತಿಯೊಬ್ಬ ಮಧುಮೇಹಿಯ ಪಾದಕ್ಕೂ ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆಯು ತಪ್ಪದೆ ನಡೆಯುವಂತೆ ಅಧಿಕಾರಿಗಳು ನೋಡಿಕೊಳ್ಳಲಿ. ಬರಿಗಾಲಿನಲ್ಲಿ ನಡೆಯುವ ಹಿರಿಯರಿಗೆ ಮನೆಯವರು ತಿಳಿಯಹೇಳಲಿ.