ಘಟ್ಟ ಹತ್ತುವ ಪಿಕಪ್‌ಗೆ ಎಷ್ಟು ದೊಡ್ಡ ಟರ್ಬೊ?

ಕಡಬ, ಸುಳ್ಯದ ಕಡೆ ಡಾಮರು ರಸ್ತೆಗೆ ತಾಗಿದಂತೆ ಮನೆ ಇರುವುದು ಕಡಿಮೆ. ಒಂದೋ ಗುಡ್ಡೆಯ ನೆತ್ತಿಯಲ್ಲಿ, ಇಲ್ಲವೇ ತೋಟದ ಬುಡದಲ್ಲಿ. ಹಾಗಾಗಿ ಸ್ಲ್ಯಾಬ್ ಹಾಕುವ ದಿನ ಕಾಂಕ್ರೀಟ್ ಮಿಕ್ಸರನ್ನು ಅಂಗಳಕ್ಕೆ ಮುಟ್ಟಿಸುವುದೇ ಅರ್ಧ ಕೆಲಸ. ಹಿಂದೆ ಜೀಪು ಎಳೆಯುತ್ತಿತ್ತು, ಈಗ ಹೆಚ್ಚಾಗಿ ಪಿಕಪ್. ಹಿಂದಿನ ಕೊಕ್ಕೆಗೆ ಟನ್ ಆಸುಪಾಸಿನ ಮಿಕ್ಸರ್, ಬಾಡಿಯಲ್ಲಿ ಸಿಮೆಂಟು ಮೂಟೆ, ಮುಂದೆ ರಬ್ಬರ್ ತೋಟದ ನಡುವಿನ ಕೆಮ್ಮಣ್ಣಿನ ಏರು. ತಿರುವಿನಲ್ಲಿ ಗಾಡಿ ದಮ್ಮು ಕಟ್ಟಿದಂತಾಗಿ ಕಪ್ಪು ಹೊಗೆ ಕಾರುತ್ತದೆ. ಒಂದು ದೊಡ್ಡ ಟರ್ಬೊ ಕೂರಿಸಿಬಿಟ್ಟರೆ ಹೇಗೆ ಎಂಬ ಯೋಚನೆ ಡ್ರೈವರನ ತಲೆಗೆ ಬರುವುದು ಆಗಲೇ.

ದೊಡ್ಡದು ಬೇಡ. ಬದಲಿಸಲೇಬೇಕಿದ್ದರೆ ನಮ್ಮ ಏರುಗಳಿಗೆ ಒಗ್ಗುವುದು ಚಿಕ್ಕ ಟರ್ಬೊ. ಯಾಕೆಂದು ಲೆಕ್ಕ ಹಾಕಿ ನೋಡೋಣ.

ಮಾಣಿ–ಮೈಸೂರು ಹೆದ್ದಾರಿಯಲ್ಲಿ ಪುತ್ತೂರು, ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿದರೆ ಮಡಿಕೇರಿ. ಸುಳ್ಯ ಸಮುದ್ರಮಟ್ಟದಿಂದ ನೂರು ಮೀಟರಿನ ಆಸುಪಾಸಿನಲ್ಲಿದೆ, ಮಡಿಕೇರಿ 1,150 ಮೀಟರಿನ ಆಸುಪಾಸಿನಲ್ಲಿದೆ. ಮಾಲು ಸೇರಿ 3 ಟನ್ ತೂಗುವ ಪಿಕಪ್ಪನ್ನು ಒಂದು ಸಾವಿರ ಮೀಟರ್ ಎತ್ತಲು ಬೇಕಾದ ಶಕ್ತಿ ಸುಮಾರು 8 ಯೂನಿಟ್ ವಿದ್ಯುತ್ತಿಗೆ ಸಮ. ಡೀಸೆಲ್ ಎಂಜಿನ್ ತನ್ನ ಇಂಧನದ ಮೂರನೇ ಒಂದು ಭಾಗವನ್ನಷ್ಟೇ ಕೆಲಸಕ್ಕೆ ಹಚ್ಚುತ್ತದೆ ಎಂದಿಟ್ಟುಕೊಂಡರೂ, ಬರೀ ಎತ್ತರಕ್ಕೆ ಎರಡೂವರೆ ಲೀಟರ್ ಡೀಸೆಲ್ ಸಾಕು. ನೂರಕ್ಕೆ ಏಳರ ಏರಿನಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗುತ್ತೀರಿ ಎನ್ನಿ. ಟೈರಿನ ಉಜ್ಜುವಿಕೆಯೂ ಸೇರಿ ಬೇಕಾಗುವುದು 28 ಅಶ್ವಶಕ್ತಿಯಷ್ಟೆ. ಬೊಲೆರೊ ಪಿಕಪ್ಪಿನ 2,523 ಸಿಸಿ ಎಂಜಿನ್ ಕೊಡುವುದು ಸುಮಾರು 75 ಅಶ್ವಶಕ್ತಿ. ಅರ್ಧಕ್ಕಿಂತ ಹೆಚ್ಚು ಉಳಿದೇ ಇದೆ!

ಮಿಕ್ಸರ್ ಎಳೆಯುವ ಗಾಡಿಯ ಲೆಕ್ಕ ಇನ್ನೂ ವಿಚಿತ್ರ. ಆರು ಅಡಿ ಹೋದರೆ ಒಂದಡಿ ಏರುವ ಮಣ್ಣಿನ ದಾರಿ, ಎಲ್ಲ ಸೇರಿ ಮೂರೂವರೆ ಟನ್, ವೇಗ ಗಂಟೆಗೆ 7 ಕಿಲೋಮೀಟರ್. ಅಲ್ಲಿ ಬೇಕಾಗುವುದು 20 ಅಶ್ವಶಕ್ತಿಗಿಂತಲೂ ಕಡಿಮೆ. ಹಾಗಿದ್ದರೂ ಗಾಡಿ ನಿಲ್ಲುತ್ತದಲ್ಲ?

ನಿಲ್ಲುವುದು ಎಂಜಿನ್ 1,000–1,200 ಆರ್‌ಪಿಎಂಗೆ ಇಳಿದಾಗ. 75 ಅಶ್ವಶಕ್ತಿ ಸಿಗುವುದು 3,200 ಆರ್‌ಪಿಎಂನಲ್ಲಿ. ಹೇರ್‌ಪಿನ್ ತಿರುವಿನಲ್ಲಿ, ಅಂಗಳದ ಕೊನೆಯ ಏರಿನಲ್ಲಿ ಎಂಜಿನನ್ನು ಅಲ್ಲಿಯವರೆಗೆ ಏರಿಸಲು ದಾರಿಯೇ ಇರುವುದಿಲ್ಲ. ಬೇಕಾದದ್ದು ತಳದಲ್ಲಿ ಸಿಗುವ ಎಳೆತ, ಅಂದರೆ ಟಾರ್ಕ್. ಕ್ಯಾಟಲಾಗಿನಲ್ಲಿ ದೊಡ್ಡಕ್ಷರದಲ್ಲಿ ಅಚ್ಚಾಗುವ ಅಶ್ವಶಕ್ತಿ ಈ ಗುಡ್ಡೆಗಳಲ್ಲಿ ಹೆಚ್ಚು ಕೆಲಸಕ್ಕೆ ಬರುವುದಿಲ್ಲ.

ಟರ್ಬೊ ಎಂದರೆ ಒಂದೇ ದಂಡದ ಎರಡು ತುದಿಯಲ್ಲಿ ಎರಡು ಚಕ್ರ. ಒಂದನ್ನು ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆ ತಿರುಗಿಸುತ್ತದೆ. ಇನ್ನೊಂದು ಹೊರಗಿನ ಗಾಳಿಯನ್ನು ಹೀರಿ, ಒತ್ತಿ, ಎಂಜಿನ್ನಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಷಿ ಇದಕ್ಕೆ 1905ರಲ್ಲೇ ಪೇಟೆಂಟ್ ಪಡೆದಿದ್ದ. ಅದು ನಿಜವಾಗಿ ದುಡಿಯತೊಡಗಿದ್ದು ಇಪ್ಪತ್ತು ವರ್ಷಗಳ ಬಳಿಕ, ಜರ್ಮನಿಯ ಹಡಗುಗಳಲ್ಲಿ. ಹಡಗಿನ ಎಂಜಿನ್ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡುತ್ತದೆ, ಟರ್ಬೊಗೆ ಅದು ಸುಖದ ಬದುಕು. ಸಂಪಾಜೆ ಘಾಟಿಯ ಪಿಕಪ್ ನಿಮಿಷಕ್ಕೆ ನಾಲ್ಕು ಸಲ ಗೇರ್ ಬದಲಿಸುತ್ತದೆ. ಪ್ರತಿ ಸಲ ಆಕ್ಸಿಲರೇಟರ್ ಬಿಟ್ಟು ಒತ್ತಿದಾಗಲೂ ಚಕ್ರ ನಿಧಾನವಾಗಿ ಮತ್ತೆ ವೇಗ ಹಿಡಿಯಬೇಕು.

ಆ ವೇಗ ಸಾಮಾನ್ಯದ್ದಲ್ಲ. 45 ಮಿಲಿಮೀಟರ್ ಅಗಲದ ಚಕ್ರವೊಂದು ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ಸುತ್ತಿದರೆ ಅದರ ಅಂಚು ಸೆಕೆಂಡಿಗೆ 350 ಮೀಟರ್ ವೇಗದಲ್ಲಿ, ಹೆಚ್ಚುಕಡಿಮೆ ಶಬ್ದದ ವೇಗದಲ್ಲಿ, ಓಡುತ್ತಿರುತ್ತದೆ. ಇಂಥದ್ದನ್ನು ನಿಂತಲ್ಲಿಂದ ಓಡಿಸುವುದು ಎಷ್ಟು ಕಷ್ಟ ಎಂಬುದನ್ನು ಚಕ್ರದ ಜಡತ್ವ ನಿರ್ಧರಿಸುತ್ತದೆ. ಒಂದೇ ಆಕಾರದ ಎರಡು ಚಕ್ರಗಳಲ್ಲಿ ಜಡತ್ವವು ವ್ಯಾಸದ ಐದನೇ ಘಾತದಂತೆ ಏರುತ್ತದೆ. ವ್ಯಾಸ ನೂರಕ್ಕೆ ಇಪ್ಪತ್ತು ಹೆಚ್ಚಿದರೆ ಜಡತ್ವ ಎರಡೂವರೆ ಪಟ್ಟು! ಕೈಯಲ್ಲಿ ಹಿಡಿದರೆ ವ್ಯತ್ಯಾಸವೇ ಕಾಣದ ಎರಡು ಟರ್ಬೊಗಳಲ್ಲಿ ಒಂದು 1,500 ಆರ್‌ಪಿಎಂಗೇ ಎಚ್ಚರಗೊಳ್ಳುತ್ತದೆ, ಇನ್ನೊಂದು 2,400ರ ತನಕ ಮಲಗಿಯೇ ಇರುತ್ತದೆ.

ಚಕ್ರದಷ್ಟೇ ಮುಖ್ಯವಾದದ್ದು ಬಿಸಿ ಹೊಗೆ ಹೋಗುವ ಬಸವನಹುಳು ಆಕಾರದ ಎರಕದ ಮನೆ. ಅದರ ಗಂಟಲು ಎಷ್ಟು ಅಗಲ ಎಂಬುದನ್ನು ಎ/ಆರ್ ಎಂಬ ಸಂಖ್ಯೆ ಹೇಳುತ್ತದೆ. ತೋಟಕ್ಕೆ ನೀರು ಬಿಡುವಾಗ ಹೋಸಿನ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದರೆ ಅದೇ ನೀರು ನಾಲ್ಕು ಬುಡ ದಾಟಿ ಚಿಮ್ಮುತ್ತದಲ್ಲ, ಕಿರಿದಾದ ಗಂಟಲು ಹೊಗೆಗೂ ಅದನ್ನೇ ಮಾಡುತ್ತದೆ. ಎ/ಆರ್ ಚಿಕ್ಕದಾದಷ್ಟೂ ಕಡಿಮೆ ಆರ್‌ಪಿಎಂನಲ್ಲಿ ಟರ್ಬೊ ತಿರುಗುತ್ತದೆ. ಆದರೆ ನೇರ ಹೆದ್ದಾರಿಯಲ್ಲಿ ಎಂಜಿನ್ ವೇಗವಾಗಿ ಓಡುವಾಗ ಅದೇ ಗಂಟಲು ಹೊಗೆಗೆ ಅಡ್ಡಿಯಾಗಿ ಎಂಜಿನ್ ಕಾಯುತ್ತದೆ. ಹೆಚ್ಚಾದ ಹೊಗೆಯನ್ನು ಚಕ್ರಕ್ಕೆ ತಾಗಿಸದೆ ಪಕ್ಕದಿಂದ ಬಿಡುವ ವೇಸ್ಟ್‌ಗೇಟ್ ಬಾಗಿಲು ಇರುವುದು ಇದಕ್ಕೇ. ಸ್ಕಾರ್ಪಿಯೊದ ಎಂಹಾಕ್ ಎಂಜಿನ್ನಿನಲ್ಲಿ ಇನ್ನೂ ಜಾಣ ಏರ್ಪಾಡಿದೆ: ಚಕ್ರದ ಸುತ್ತ ವಾಲುವ ರೆಕ್ಕೆಗಳಿದ್ದು ಬೇಕಾದಾಗ ಗಂಟಲನ್ನು ಕಿರಿದು ಮಾಡುತ್ತವೆ, ಬೇಡವಾದಾಗ ಅಗಲಿಸುತ್ತವೆ. ಮಸಿ ಕಟ್ಟಿ ಆ ರೆಕ್ಕೆಗಳು ಸಿಕ್ಕಿಹಾಕಿಕೊಂಡರೆ ಮಾತ್ರ ಜೇಬಿಗೆ ಭಾರ.

ತಳದಲ್ಲಿ ಎಳೆತ ಇಲ್ಲದ ಈ ತಾಪತ್ರಯ ರೈಲ್ವೆಯನ್ನೂ ಬಿಟ್ಟದ್ದಲ್ಲ. ಕಡಬ ತಾಲೂಕಿನ ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ಸಕಲೇಶಪುರಕ್ಕೆ 55 ಕಿಲೋಮೀಟರ್, 57 ಸುರಂಗ. 50 ಮೀಟರ್ ಹೋದರೆ ಒಂದು ಮೀಟರ್ ಏರು. ಪಿಕಪ್ಪಿನ ಚಾಲಕ ಇದನ್ನು ಸಪಾಟು ಎಂದಾನು, ಸಾವಿರಾರು ಟನ್ನಿನ ಗೂಡ್ಸ್ ರೈಲಿಗೆ ಇದು ಹಿಂದಿನಿಂದ ಇನ್ನೆರಡು ಮೂರು ಎಂಜಿನ್ ತಳ್ಳಬೇಕಾದ ಘಟ್ಟ. ಹಳೆಯ ಆಲ್ಕೊ ಡೀಸೆಲ್ ಎಂಜಿನ್ನುಗಳು ನಾಚ್, ಅಂದರೆ ಆಕ್ಸಿಲರೇಟರಿನ ಹಂತ, ಏರಿಸಿದೊಡನೆ ಕಾಡೆಲ್ಲ ಕಪ್ಪು ಹೊಗೆ ಎಬ್ಬಿಸುತ್ತಿದ್ದವು: ಡೀಸೆಲ್ ಕೂಡಲೇ ಬಂತು, ಟರ್ಬೊ ತರುವ ಗಾಳಿ ಇನ್ನೂ ಬಂದಿಲ್ಲ. ಅನಂತರ ಹುಬ್ಬಳ್ಳಿ ಶೆಡ್ಡಿನಿಂದ ಬಂದ ಡಬ್ಲ್ಯುಡಿಜಿ-4 ಎಂಜಿನ್ನುಗಳಲ್ಲಿ ಇದಕ್ಕೊಂದು ಚಂದದ ಉಪಾಯವಿದೆ. ಕಡಿಮೆ ವೇಗದಲ್ಲಿ ಟರ್ಬೊವನ್ನು ಎಂಜಿನ್ನೇ ಗಿಯರ್ ಮೂಲಕ ತಿರುಗಿಸುತ್ತದೆ. ಹೊಗೆಯ ಬಲ ಸಾಕಷ್ಟಾದಾಗ ಕ್ಲಚ್ ತಾನಾಗಿ ಬಿಟ್ಟು ಟರ್ಬೊ ಸ್ವತಂತ್ರವಾಗಿ ಓಡುತ್ತದೆ. ಪಿಕಪ್ಪಿಗೆ ಇಂಥದ್ದು ಹಿಡಿಸುವಷ್ಟು ಜಾಗವೂ ಇಲ್ಲ, ದುಡ್ಡೂ ಇಲ್ಲ. ಚಿಕ್ಕ ಚಕ್ರವೇ ಗತಿ.

ಇನ್ನು ಗಾಳಿಯ ಲೆಕ್ಕ. ಎರಡೂವರೆ ಲೀಟರ್ ಎಂಜಿನ್ 1,500 ಆರ್‌ಪಿಎಂನಲ್ಲಿ, ಟರ್ಬೊ ಇಲ್ಲದೆ, ನಿಮಿಷಕ್ಕೆ ಸುಮಾರು 1.8 ಕಿಲೊ ಗಾಳಿ ಹೀರುತ್ತದೆ. ಟರ್ಬೊ ಅದರ ಒತ್ತಡವನ್ನು ಎರಡು ಪಟ್ಟು ಮಾಡಿದರೆ ಗಾಳಿಯೂ ಎರಡು ಪಟ್ಟಾಗಬೇಕಿತ್ತು. ಆಗುವುದಿಲ್ಲ. ಸೈಕಲ್ ಪಂಪಿನ ಬುಡ ಮುಟ್ಟಿದವರಿಗೆ ಗೊತ್ತು, ಒತ್ತಿದ ಗಾಳಿ ಕಾಯುತ್ತದೆ. ಏಪ್ರಿಲ್ ಸೆಕೆಯ 35 ಡಿಗ್ರಿ ಗಾಳಿ ಟರ್ಬೊದಿಂದ ಹೊರಬರುವಾಗ 130 ಡಿಗ್ರಿಯ ಆಸುಪಾಸು ಇರುತ್ತದೆ. ಕಾದ ಗಾಳಿ ಹಿಗ್ಗುತ್ತದೆ. ಸಿಲಿಂಡರಿಗೆ ಸೇರುವುದು ಒಂದೂವರೆ ಪಟ್ಟು ಮಾತ್ರ. ಇಂಟರ್‌ಕೂಲರ್ ಅದನ್ನು 60 ಡಿಗ್ರಿಗೆ ಇಳಿಸಿದರೆ 1.85 ಪಟ್ಟಿಗೆ ಬರುತ್ತದೆ. ಹಾಗಾಗಿ ಹಳೆಯ ಗಾಡಿಗೆ ಇಂಟರ್‌ಕೂಲರ್ ಇಲ್ಲದಿದ್ದರೆ, ಅಥವಾ ಅದರ ಮುಖಕ್ಕೆ ಕೆಸರು ಮೆತ್ತಿ ಗಾಳಿಯೇ ಹೋಗದಿದ್ದರೆ, ಮೊದಲ ಖರ್ಚು ಅಲ್ಲಿ ಮಾಡುವುದು ಲೇಸು.

ಒಂದು ಕಿಲೊ ಡೀಸೆಲ್ ಪೂರ್ತಿ ಉರಿಯಲು ಲೆಕ್ಕದಲ್ಲಿ ಹದಿನಾಲ್ಕೂವರೆ ಕಿಲೊ ಗಾಳಿ ಸಾಕು. ನಿಜದ ಎಂಜಿನ್ನಿಗೆ ಹದಿನೆಂಟು ಕಿಲೊ ಆದರೂ ಬೇಕು, ಇಲ್ಲದಿದ್ದರೆ ಮಸಿ. ಹಳೆಯ ಗಾಡಿಗಳ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸಿಕೊಡುವ ಮೆಕ್ಯಾನಿಕ್ಕುಗಳಿದ್ದಾರೆ. ಗಾಳಿ ಹೆಚ್ಚಿಸದೆ ಡೀಸೆಲ್ ಹೆಚ್ಚಿಸಿದರೆ ಸಿಗುವುದು ಎರಡು ದಿನದ ಖುಷಿ. ಅರ್ಧ ಗಂಟೆ ಬಿಡದೆ ಘಟ್ಟ ಹತ್ತುವಾಗ ಹೊಗೆಯ ಉಷ್ಣತೆ 700 ಡಿಗ್ರಿ ದಾಟುತ್ತದೆ. ಪಿಸ್ಟನ್ ಅಲ್ಯುಮಿನಿಯಮ್ಮಿನದು ಎಂಬುದನ್ನು ನೆನಪಿಟ್ಟುಕೊಳ್ಳಿ. ಭಾರ ಎಳೆಯುವವರು ಟರ್ಬೊದ ಒತ್ತಡ ತೋರಿಸುವ ಬೂಸ್ಟ್ ಮೀಟರಿಗೆ ಹಾಕುವ ದುಡ್ಡನ್ನು ಎಕ್ಸಾಸ್ಟ್ ಉಷ್ಣತೆ ತೋರಿಸುವ ಮೀಟರಿಗೆ ಹಾಕಬೇಕು.

ಟರ್ಬೊ ಇಲ್ಲದ ಎಂಜಿನ್ನಿಗೆ ಹೊಸದಾಗಿ ಟರ್ಬೊ ಸೇರಿಸುವ ಆಸೆಯೂ ಕೆಲವರಿಗಿದೆ, ಮುಖ್ಯವಾಗಿ ಎಂಎಂ540ಯಂಥ ಹಳೆಯ ಜೀಪುಗಳಿಗೆ. ನಾನಂತೂ ಬೇಡ ಎನ್ನುತ್ತೇನೆ. ಪ್ಯೂಜೊ ಮೂಲದ ಆ ಎಂಜಿನ್ನಿನ ಕಂಪ್ರೆಶನ್ನೇ ಬಹಳ ಹೆಚ್ಚು; ಅದರ ಮೇಲೆ ಒತ್ತಿದ ಗಾಳಿ ತುಂಬಿದರೆ ಮೊದಲು ಹೋಗುವುದು ಹೆಡ್ ಗ್ಯಾಸ್ಕೆಟ್.

ಟರ್ಬೊ ಹೋಗಿದೆ, ಹಾಕಲೇಬೇಕು ಎಂದಾದರೆ? ಎಂಜಿನ್ನಿನೊಂದಿಗೆ ಬಂದ ಅದೇ ಸಂಖ್ಯೆಯ ಭಾಗ ಮೊದಲ ಆಯ್ಕೆ. ಬೇರೆಯದನ್ನೇ ನೋಡುವುದಾದರೆ ಮಾರುವವನಲ್ಲಿ ಎಷ್ಟು ಅಶ್ವಶಕ್ತಿ ಬರುತ್ತದೆ ಎಂದು ಕೇಳುವುದರಿಂದ ಲಾಭವಿಲ್ಲ, ಕಂಪ್ರೆಸರ್ ಮ್ಯಾಪ್ ಕೇಳಬೇಕು. ಎಷ್ಟು ಗಾಳಿಗೆ ಎಷ್ಟು ಒತ್ತಡ, ಆ ಜಾಗದಲ್ಲಿ ಟರ್ಬೊ ಎಷ್ಟು ದಕ್ಷ ಎಂದು ತೋರಿಸುವ ನಕ್ಷೆ ಅದು. ಒತ್ತಡ ಎರಡು ಪಟ್ಟು, ಗಾಳಿ ನಿಮಿಷಕ್ಕೆ ಮೂರರಿಂದ ಮೂರೂವರೆ ಕಿಲೊ: ನಮ್ಮ ಏರಿನ ಈ ಬಿಂದು ನಕ್ಷೆಯ ನಡುಭಾಗದಲ್ಲಿ ಬಿದ್ದರೆ ಸರಿ. ಎಡ ಅಂಚಿಗೆ ಬಿದ್ದರೆ ಆ ಟರ್ಬೊ ಈ ಎಂಜಿನ್ನಿಗೆ ದೊಡ್ಡದಾಯಿತು. ಒತ್ತಿದ ಗಾಳಿ ಹಿಂದಕ್ಕೆ ನುಗ್ಗಿ ಚಕ್ರವನ್ನು ಅದುರಿಸುತ್ತದೆ. ನಕ್ಷೆ ಇಲ್ಲದ, ಹೆಸರಿಲ್ಲದ ಅಗ್ಗದ ನಕಲನ್ನು ತಂದು ಹಾಕುವುದಕ್ಕಿಂತ ಹಳೆಯದರ ಕಾರ್ಟ್ರಿಜ್, ಅಂದರೆ ದಂಡ, ಚಕ್ರ, ಬೇರಿಂಗ್ ಇರುವ ನಡುಭಾಗ, ಬದಲಿಸಿಕೊಳ್ಳುವುದು ಮೇಲು.

ನಿಜಕ್ಕೂ ಹೋಗಿದೆಯೇ ಎಂದು ನೋಡುವುದೂ ಕಷ್ಟವಲ್ಲ. ಎಂಜಿನ್ ತಣ್ಣಗಾದ ಮೇಲೆ ಫಿಲ್ಟರಿನಿಂದ ಬರುವ ಪೈಪು ಬಿಚ್ಚಿ, ಚಕ್ರದ ನಡುವಿನ ನಟ್ಟನ್ನು ಎರಡು ಬೆರಳಲ್ಲಿ ಹಿಡಿಯಿರಿ. ಮೇಲೆ ಕೆಳಗೆ ಅಲುಗಿಸಿದರೆ ಸ್ವಲ್ಪ ಆಡಬೇಕು. ದಂಡ ತೇಲುವುದು ಆಯಿಲಿನ ಪದರದ ಮೇಲೆ, ಆಯಿಲ್ ಇಲ್ಲದಾಗ ಆ ಸಂದು ಬೆರಳಿಗೆ ಗೊತ್ತಾಗುತ್ತದೆ. ಇದನ್ನು ನೋಡಿಯೇ ಟರ್ಬೊ ಮುಗಿಯಿತು ಎನ್ನುವವರಿದ್ದಾರೆ, ನಂಬಬೇಡಿ. ಹಿಂದೆ ಮುಂದೆ ಎಳೆದಾಗ ಆಡಿದರೆ, ಅಥವಾ ರೆಕ್ಕೆಯ ತುದಿ ಗೋಡೆಗೆ ತಾಗಿದ ಗೀರಿದ್ದರೆ ಮಾತ್ರ ಅದರ ಕಥೆ ಮುಗಿದಂತೆ. ರೆಕ್ಕೆಯ ಅಂಚು ಗರಗಸದಂತೆ ಸವೆದಿದ್ದರೆ ತಪ್ಪು ಏರ್ ಫಿಲ್ಟರಿನದು. ಕೆಂಪುಕಲ್ಲಿನ ಕೋರೆಗೆ ಹೋಗಿಬರುವ ಗಾಡಿಗಳಲ್ಲಿ ಇದು ಬೇಗ ಆಗುತ್ತದೆ. ಶಬ್ದದ ವೇಗದಲ್ಲಿ ತಿರುಗುವ ಅಲ್ಯುಮಿನಿಯಮ್ ಅಂಚಿಗೆ ಆ ಧೂಳು ಮರಳುಕಾಗದವೇ. ಗೀರೂ ಇಲ್ಲ, ಸವೆತವೂ ಇಲ್ಲ, ಆದರೂ ಎಳೆಯುವುದಿಲ್ಲ ಎಂದಾದರೆ ಇಂಟರ್‌ಕೂಲರಿನ ರಬ್ಬರ್ ಹೋಸುಗಳನ್ನು ಕೈಯಾಡಿಸಿ ನೋಡಿ. ಕ್ಲಿಪ್ ಸಡಿಲವಾದಲ್ಲಿ ಆಯಿಲ್ ಜಿಡ್ಡು ಕೈಗೆ ಹತ್ತುತ್ತದೆ, ಗಾಳಿ ಸೋರುವುದು ಅಲ್ಲಿಂದಲೇ. ಇನ್ನೂರು ರೂಪಾಯಿಯ ಕ್ಲಿಪ್ಪಿನಿಂದ ಹೋಗುವ ದೂರಿಗೆ ಹೊಸ ಟರ್ಬೊ ತರುವುದು ಬೇಡ.

ಕಾನೂನಿನ ಮಾತು ಚುಟುಕಾಗಿ. ತಯಾರಕರು ಕೊಟ್ಟ, ನೋಂದಣಿ ಪತ್ರದಲ್ಲಿರುವ ವಿವರಕ್ಕಿಂತ ಭಿನ್ನವಾಗುವಂತೆ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಮಾಲೀಕರಿಗೆ ಆರು ತಿಂಗಳವರೆಗೆ ಸಜೆ, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಗಳಲ್ಲಂತೂ ಟರ್ಬೊ, ಸೆನ್ಸರ್, ಹೊಗೆ ಶೋಧಕ ಎಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದನ್ನು ಬದಲಿಸಿದರೆ ಉಳಿದವು ಎಚ್ಚರಿಕೆ ದೀಪ ಹೊತ್ತಿಸುತ್ತವೆ. ಜೊತೆಗೆ, ಹೆಚ್ಚಿದ ಎಳೆತವನ್ನು ಹೊರಬೇಕಾದದ್ದು ಹಳೆಯ ಕ್ಲಚ್ಚೇ. ಮಡಿಕೇರಿಯಿಂದ ಇಳಿದು ಬರುವಾಗ ಹೊರೆಯನ್ನು ತಡೆಯಬೇಕಾದದ್ದು ಹಳೆಯ ಬ್ರೇಕೇ. ಅಲ್ಲಿ ಟರ್ಬೊ ಯಾವ ಸಹಾಯಕ್ಕೂ ಬರುವುದಿಲ್ಲ.

ಕೂರಿಸುವಾಗಿನ ಎರಡು ಎಚ್ಚರಗಳನ್ನು ಗ್ಯಾರೇಜಿನವರ ಮುಂದೆ ನಿಂತೇ ನೋಡಿಕೊಳ್ಳಿ. ಹಳೆಯ ಟರ್ಬೊ ಒಡೆದಿದ್ದರೆ ಅದರ ಚೂರು, ಆಯಿಲ್ ಎಲ್ಲ ಇಂಟರ್‌ಕೂಲರಿನಲ್ಲಿ ಕುಳಿತಿರುತ್ತದೆ. ತೊಳೆಯದೆ ಜೋಡಿಸಿದರೆ ಅದು ನೇರ ಸಿಲಿಂಡರಿಗೆ. ಇನ್ನೊಂದು ಆಯಿಲ್ ಪೈಪು. ಇಂಗಾಲ ಕಟ್ಟಿದ ಹಳೆಯ ಪೈಪನ್ನೇ ಮತ್ತೆ ಹಾಕಬಾರದು, ಅದರ ಬಾಯಿಗೆ ಗ್ಯಾಸ್ಕೆಟ್ ಬದಲು ಸಿಲಿಕೋನ್ ಅಂಟು ಹಚ್ಚಲೂಬಾರದು. ಹಿಂಡಿ ಒಳಬಂದ ಅಂಟಿನ ಚೂರು ಆಯಿಲ್ ಹೋಗುವ ಸಣ್ಣ ತೂತನ್ನು ಮುಚ್ಚುತ್ತದೆ. ಜೋಡಿಸಿದ ಮೇಲೆ ಟರ್ಬೊದ ಆಯಿಲ್ ತೂತಿಗೆ ಸ್ವಲ್ಪ ಆಯಿಲ್ ಹೊಯ್ದು, ಡೀಸೆಲ್ ಬರದಂತೆ ತಡೆದು, ಆಯಿಲ್ ದೀಪ ಆರುವವರೆಗೆ ಎಂಜಿನನ್ನು ಸೆಲ್ಫಿನಲ್ಲಿ ತಿರುಗಿಸಬೇಕು. ಆಮೇಲೆ ಸ್ಟಾರ್ಟ್ ಮಾಡಿ ಕೆಲವು ನಿಮಿಷ ಐಡಲಿನಲ್ಲೇ ಬಿಡಿ, ಆಕ್ಸಿಲರೇಟರ್ ಮುಟ್ಟದೆ. ಘಟ್ಟ ಹತ್ತಿ ಚಹಾಕ್ಕೆ ನಿಲ್ಲಿಸುವಾಗಲೂ ಕೂಡಲೇ ಚಾವಿ ತಿರುಗಿಸಬೇಡಿ. ಚಕ್ರ ತಣಿಯುವ ಮೊದಲೇ ಆಯಿಲ್ ನಿಂತರೆ ಬೇರಿಂಗಿನೊಳಗೆ ಅದು ಸುಟ್ಟು ಕರಿಕಟ್ಟುತ್ತದೆ. ಒಂದೆರಡು ನಿಮಿಷ ಎಂಜಿನ್ ಹಾಗೇ ಓಡುತ್ತಿರಲಿ, ಅಷ್ಟರಲ್ಲಿ ಹಿಂದಿನ ಹಗ್ಗ ಸಡಿಲಾಗಿದೆಯೇ ಎಂದು ನೋಡಿಬರಬಹುದು.