ಎದುರಾಳಿಗಳೇ ಒಂದು ತಂಡವಾದಾಗ: ದುಲೀಪ್ ಟ್ರೋಫಿಯ ಕಥೆ

ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆದದ್ದು 1934ರ ನವೆಂಬರ್ 4ರಂದು, ಮದರಾಸಿನ ಚೆಪಾಕ್ ಮೈದಾನದಲ್ಲಿ. ಎದುರಾದ ತಂಡಗಳು ಮದರಾಸು ಮತ್ತು ಮೈಸೂರು. ಬೆಳಿಗ್ಗೆ ಶುರುವಾದ ಆಟ ಅದೇ ದಿನ ಸಂಜೆಯೊಳಗೆ ಮುಗಿದುಹೋಯಿತು. ಎ.ಜಿ. ರಾಮ್‌ಸಿಂಗ್ ಅವರ ಎಡಗೈ ಸ್ಪಿನ್‌ಗೆ ಮೈಸೂರು ಎರಡೂ ಸಲ ಕುಸಿದು ಇನಿಂಗ್ಸ್ ಸೋಲುಂಡಿತು. ಅಂದು ಹುಟ್ಟಿದ ಪೈಪೋಟಿ ಇಂದಿಗೂ ಆರಿಲ್ಲ. ರಣಜಿಯಲ್ಲಿ ಯಾರಿಗೆ ಸೋತರೂ ಸಹಿಸಿಕೊಳ್ಳುವ ನಮ್ಮ ಕ್ರಿಕೆಟ್ ಪ್ರೇಮಿಗಳು ತಮಿಳುನಾಡಿಗೆ ಸೋತರೆ ಮಾತ್ರ ವಾರಗಟ್ಟಲೆ ಕೊರಗುತ್ತಾರೆ.

ಆ ಎರಡು ರಾಜ್ಯಗಳ ಆಟಗಾರರನ್ನು ಒಂದೇ ಡ್ರೆಸಿಂಗ್ ರೂಮಿನಲ್ಲಿ ಕೂರಿಸಿದ್ದು ದುಲೀಪ್ ಟ್ರೋಫಿ. ಜೊತೆಗೆ ಹೈದರಾಬಾದ್, ಆಂಧ್ರ, ಕೇರಳದವರನ್ನೂ ಸೇರಿಸಿ ಅದಕ್ಕೆ ದಕ್ಷಿಣ ವಲಯ ಎಂದು ಹೆಸರಿಟ್ಟರು. ಇದೇ ರೀತಿ ಪಶ್ಚಿಮ, ಉತ್ತರ, ಪೂರ್ವ, ಕೇಂದ್ರ ವಲಯಗಳೂ ತಂಡ ಕಟ್ಟಿದವು. ದೇಶದ ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಇಷ್ಟು ಒಳ್ಳೆಯ ಕಲ್ಪನೆ ಮತ್ತೊಂದು ಬಂದಿಲ್ಲ. ಇಷ್ಟು ಸಲ ಕೆಡಿಸಿ ಮತ್ತೆ ಕಟ್ಟಿದ ಟೂರ್ನಿಯೂ ಮತ್ತೊಂದಿಲ್ಲ.

ಇದು ಶುರುವಾದದ್ದು 1961–62ರ ಋತುವಿನಲ್ಲಿ. ಆಗ ರಣಜಿ ಟ್ರೋಫಿ ಎಂದರೆ ಬಾಂಬೆಯ ಮನೆಯ ಆಸ್ತಿ ಎಂಬಂತಾಗಿತ್ತು. 1958–59ರಿಂದ 1972–73ರವರೆಗೆ ಸತತ 15 ವರ್ಷ ಬಾಂಬೆಯೇ ಗೆದ್ದಿತು. ಅನೇಕ ಪಂದ್ಯಗಳ ಫಲಿತಾಂಶ ಟಾಸ್ ಹಾಕುವ ಮೊದಲೇ ಗೊತ್ತಿರುತ್ತಿತ್ತು. ಸಣ್ಣ ರಾಜ್ಯದ ಒಬ್ಬ ಒಳ್ಳೆಯ ಬ್ಯಾಟರ್ ದುರ್ಬಲ ತಂಡಗಳ ಮೇಲೆ ಶತಕ ಹೊಡೆದರೆ ಅದರ ಬೆಲೆ ಎಷ್ಟೆಂದು ಅಳೆಯುವುದು ಆಯ್ಕೆಗಾರರಿಗೆ ಕಷ್ಟವಾಗಿತ್ತು. ಒಂದೊಂದು ವಲಯದ ಉತ್ತಮರನ್ನೆಲ್ಲ ಒಟ್ಟುಗೂಡಿಸಿ ಪರಸ್ಪರ ಆಡಿಸಿದರೆ ಟೆಸ್ಟ್ ಪಂದ್ಯಕ್ಕೆ ಹತ್ತಿರದ ಗುಣಮಟ್ಟ ಸಿಗುತ್ತದೆ ಎಂಬುದು ಕ್ರಿಕೆಟ್ ಮಂಡಳಿಯ ಲೆಕ್ಕಾಚಾರ. ಮೊದಲ ವರ್ಷದ ಫೈನಲ್‌ನಲ್ಲಿ ದಕ್ಷಿಣವನ್ನು ಮಣಿಸಿ ಪಶ್ಚಿಮ ವಲಯ ಟ್ರೋಫಿ ಎತ್ತಿತು.

ಟ್ರೋಫಿಗೆ ಹೆಸರು ಕೊಟ್ಟ ಕುಮಾರ ಶ್ರೀ ದುಲೀಪ್‌ಸಿಂಹಜಿ ನವಾನಗರದ ರಾಜಮನೆತನದವರು, ರಣಜಿ ಟ್ರೋಫಿಗೆ ಹೆಸರು ಕೊಟ್ಟ ರಣಜಿತ್‌ಸಿಂಹಜಿಯವರ ಸಹೋದರನ ಮಗ. ರಣಜಿಯವರಂತೆ ಇವರೂ ಆಡಿದ್ದು ಇಂಗ್ಲೆಂಡ್ ಪರ. 1930ರಲ್ಲಿ ಲಾರ್ಡ್ಸ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧದ ತಮ್ಮ ಮೊದಲ ಟೆಸ್ಟ್‌ನಲ್ಲೇ 173 ಹೊಡೆದರು. ಅದೇ ವರ್ಷ ಸಸೆಕ್ಸ್ ಪರವಾಗಿ ನಾರ್ಥಾಂಪ್ಟನ್‌ಶೈರ್ ಮೇಲೆ ಒಂದೇ ದಿನದಲ್ಲಿ 333 ಬಾರಿಸಿ, ಆ ಕೌಂಟಿಗೆ ರಣಜಿ ಬರೆದಿಟ್ಟಿದ್ದ ದಾಖಲೆಯನ್ನೇ ಅಳಿಸಿದರು. ಆಡಿದ 12 ಟೆಸ್ಟ್‌ಗಳಲ್ಲಿ ಸರಾಸರಿ 58.52. ಕಾಡಿದ ಶ್ವಾಸಕೋಶದ ಕಾಯಿಲೆ 1932ರಲ್ಲಿ ಅವರನ್ನು ಮೈದಾನದಿಂದ ಶಾಶ್ವತವಾಗಿ ದೂರ ಮಾಡಿತು. ಆಗ ಅವರ ವಯಸ್ಸು 27. ಸ್ವಾತಂತ್ರ್ಯಾನಂತರ ಆಸ್ಟ್ರೇಲಿಯಾದಲ್ಲಿ ಭಾರತದ ಹೈಕಮಿಷನರ್ ಆಗಿದ್ದರು. 1959ರ ಡಿಸೆಂಬರ್‌ನಲ್ಲಿ ಬಾಂಬೆಯಲ್ಲಿ ತೀರಿಕೊಂಡರು. ಭಾರತಕ್ಕಾಗಿ ಒಂದೂ ಟೆಸ್ಟ್ ಆಡದ ಇಬ್ಬರ ಹೆಸರಿನಲ್ಲಿ ನಮ್ಮ ಎರಡು ದೊಡ್ಡ ಟ್ರೋಫಿಗಳಿವೆ ಎಂದು ಕೆಲವರು ಆಕ್ಷೇಪಿಸುತ್ತಾರೆ. ದುಲೀಪರ ಬ್ಯಾಟಿಂಗ್ ಬಗ್ಗೆ ಓದಿದವರು ಈ ಆಕ್ಷೇಪವನ್ನು ಬೇಗ ಕೈಬಿಡುತ್ತಾರೆ.

ಎರಡನೇ ವರ್ಷವೇ ಟೂರ್ನಿಗೆ ಬೇರೊಂದು ಕೆಲಸ ಬಿತ್ತು. 1962ರ ಆರಂಭದಲ್ಲಿ ವೆಸ್ಟ್ ಇಂಡೀಸ್‌ಗೆ ಹೋದ ಭಾರತ ಐದೂ ಟೆಸ್ಟ್ ಸೋತಿತ್ತು. ಬಾರ್ಬಡೋಸ್‌ನಲ್ಲಿ ಚಾರ್ಲಿ ಗ್ರಿಫಿತ್ ಎಸೆತ ತಲೆಗೆ ಬಡಿದು ನಾಯಕ ನಾರಿ ಕಂಟ್ರಾಕ್ಟರ್ ಸಾವಿನ ಬಾಗಿಲಿಗೆ ಹೋಗಿ ಬಂದಿದ್ದರು. ನಮ್ಮವರಿಗೆ ನಿಜವಾದ ವೇಗ ಎದುರಿಸಿ ಅಭ್ಯಾಸವೇ ಇಲ್ಲ ಎಂಬುದು ಮನದಟ್ಟಾಯಿತು. ಆಗ ಮಂಡಳಿ ಮಾಡಿದ ಉಪಾಯ ದಿಟ್ಟವಾದದ್ದು: ವೆಸ್ಟ್ ಇಂಡೀಸ್‌ನಿಂದಲೇ ನಾಲ್ವರು ವೇಗಿಗಳನ್ನು ಕರೆಸಿ ದೇಶೀಯ ಕ್ರಿಕೆಟ್‌ನಲ್ಲಿ ಆಡಿಸಿತು. ರಾಯ್ ಗಿಲ್‌ಕ್ರಿಸ್ಟ್, ಚೆಸ್ಟರ್ ವಾಟ್ಸನ್, ಲೆಸ್ಟರ್ ಕಿಂಗ್, ಚಾರ್ಲಿ ಸ್ಟೇಯರ್ಸ್ 1962–63ರಲ್ಲಿ ರಣಜಿ ಮತ್ತು ದುಲೀಪ್ ಎರಡರಲ್ಲೂ ಬೌಲ್ ಮಾಡಿದರು. ಸಿಟ್ಟಿಗೂ ವೇಗಕ್ಕೂ ಹೆಸರಾಗಿದ್ದ ಗಿಲ್‌ಕ್ರಿಸ್ಟ್ ಹೈದರಾಬಾದ್ ಮೂಲಕ ದಕ್ಷಿಣ ವಲಯದ ಪಾಲಾದರು. ಹೆಲ್ಮೆಟ್ ಇಲ್ಲದ ಕಾಲ. ನಮ್ಮ ಬ್ಯಾಟರ್‌ಗಳು ಮೈಮೇಲೆ ಏಟು ತಿಂದು ಪಾಠ ಕಲಿತರು.

ನಮಗೆ ಹೆಚ್ಚು ಆಪ್ತವಾದ ಕಾಲ ಅದರ ನಂತರದ್ದು. 1963–64ರಲ್ಲಿ ಪಶ್ಚಿಮದ ಜೊತೆ ಟ್ರೋಫಿ ಹಂಚಿಕೊಂಡ ದಕ್ಷಿಣ ವಲಯ 1965–66ರಿಂದ ಸತತ ಮೂರು ವರ್ಷ ಗೆದ್ದಿತು. ಆ ತಲೆಮಾರಿನ ದಕ್ಷಿಣದ ಸ್ಪಿನ್ ಬಳಗ ನೋಡಿ: ಬೆಂಗಳೂರಿನ ಎರಾಪಳ್ಳಿ ಪ್ರಸನ್ನ, ಮೈಸೂರಿನ ಭಾಗವತ್ ಚಂದ್ರಶೇಖರ್, ಮದರಾಸಿನ ಶ್ರೀನಿವಾಸ್ ವೆಂಕಟರಾಘವನ್. ಪ್ರಸನ್ನ ಮತ್ತು ವೆಂಕಟ್ ಇಬ್ಬರೂ ಆಫ್ ಸ್ಪಿನ್ನರ್‌ಗಳು. ಭಾರತ ತಂಡದಲ್ಲಿ ಎಷ್ಟೋ ಸಲ ಒಂದೇ ಜಾಗಕ್ಕೆ ಇಬ್ಬರ ಹೆಸರೂ ಕೇಳಿಬರುತ್ತಿತ್ತು. ರಣಜಿಯಲ್ಲಂತೂ ಎದುರು ಬದುರು. ಪ್ರಸನ್ನ ಗಾಳಿಯಲ್ಲಿ ಚೆಂಡನ್ನು ತೇಲಿಸಿ ಬ್ಯಾಟರ್‌ನನ್ನು ಮುಂದಕ್ಕೆ ಎಳೆಯುತ್ತಿದ್ದರು. ವೆಂಕಟ್ ಚಪ್ಪಟೆಯಾಗಿ, ಕರಾರುವಾಕ್ಕಾಗಿ ಎಸೆದು ಕಟ್ಟಿಹಾಕುತ್ತಿದ್ದರು. ಒಂದೇ ಕಲೆಯ ಎರಡು ಘರಾಣೆಗಳು ಒಂದೇ ವೇದಿಕೆಗೆ ಬರಲು ದಾರಿ ಮಾಡಿಕೊಟ್ಟದ್ದು ದಕ್ಷಿಣ ವಲಯ. 1973–74ರ ರಣಜಿ ಸೆಮಿಫೈನಲ್‌ನಲ್ಲಿ ಪ್ರಸನ್ನ ನಾಯಕತ್ವದ ಕರ್ನಾಟಕ ಬಾಂಬೆಯ ಹದಿನೈದು ವರ್ಷಗಳ ಪಾರುಪತ್ಯ ಮುರಿದದ್ದು ಎಲ್ಲರಿಗೂ ಗೊತ್ತು. ಅದರ ಮುಂದಿನ ಎರಡು ವರ್ಷ ದುಲೀಪ್ ಟ್ರೋಫಿಯೂ ದಕ್ಷಿಣಕ್ಕೆ ಬಂದದ್ದನ್ನು ನೆನೆಯುವವರು ಕಡಿಮೆ.

ಬಹುಕಾಲ ಭಾರತ ತಂಡದ ಆಯ್ಕೆ ಸಮಿತಿಯಲ್ಲಿ ವಲಯಕ್ಕೊಬ್ಬ ಆಯ್ಕೆಗಾರ ಇರುತ್ತಿದ್ದರು. ಟಿ.ವಿ. ಇಲ್ಲದ ದಿನಗಳಲ್ಲಿ ಅವರ ಕಣ್ಣಿಗೆ ಬೀಳಲು ಇದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. 1978ರಲ್ಲಿ ಉತ್ತರ ವಲಯದ ಪರ ಹ್ಯಾಟ್ರಿಕ್ ಪಡೆದ ಹರಿಯಾಣದ ಹುಡುಗ ಕಪಿಲ್ ದೇವ್ ಅದೇ ವರ್ಷ ಪಾಕಿಸ್ತಾನದಲ್ಲಿ ಟೆಸ್ಟ್ ಆಡಿದರು. ಸಚಿನ್ ತೆಂಡೂಲ್ಕರ್ ರಣಜಿ ಮತ್ತು ಇರಾನಿ ಟ್ರೋಫಿಗಳಂತೆ ದುಲೀಪ್‌ನಲ್ಲೂ ಮೊದಲ ಪಂದ್ಯದಲ್ಲೇ ಶತಕ ಹೊಡೆದವರು. ಇಲ್ಲಿ ಅತಿ ಹೆಚ್ಚು ರನ್ ಗಳಿಸಿದವರು ವಾಸಿಂ ಜಾಫರ್, 2545. ಅತಿ ಹೆಚ್ಚು ವಿಕೆಟ್ ಪಡೆದವರು ಮಧ್ಯಪ್ರದೇಶದ ನರೇಂದ್ರ ಹಿರ್ವಾನಿ, 126. ಟೆಸ್ಟ್ ಕ್ರಿಕೆಟ್ ಹಿರ್ವಾನಿಯವರನ್ನು ಬೇಗ ಮರೆತರೂ ಕೇಂದ್ರ ವಲಯ ಅವರನ್ನು ವರ್ಷಗಟ್ಟಲೆ ನೆಚ್ಚಿಕೊಂಡಿತ್ತು.

ಈ ಇತಿಹಾಸದಲ್ಲಿ ಕಪ್ಪು ಚುಕ್ಕೆಯೂ ಇದೆ. 1991ರ ಜನವರಿಯಲ್ಲಿ ಜಮ್‌ಷೆಡ್‌ಪುರದ ಕೀನನ್ ಕ್ರೀಡಾಂಗಣದಲ್ಲಿ ಉತ್ತರ ಮತ್ತು ಪಶ್ಚಿಮ ವಲಯಗಳ ಫೈನಲ್. ಉತ್ತರ 9 ವಿಕೆಟ್‌ಗೆ 729 ರನ್ ಗಳಿಸಿ ಡಿಕ್ಲೇರ್ ಮಾಡಿತು. ಪಶ್ಚಿಮ 561 ಹೊಡೆದು ಉತ್ತರಿಸಿತು. ಇನಿಂಗ್ಸ್ ಮುನ್ನಡೆ ಯಾರದೆಂದು ತೀರ್ಮಾನವಾದ ಮೇಲೆ ಕೊನೆಯ ದಿನ ಆಡಲು ಏನೂ ಉಳಿದಿರಲಿಲ್ಲ. ದಿನಗಟ್ಟಲೆ ಕುದಿಯುತ್ತಿದ್ದ ಜಗಳ ಆ ದಿನ ಒಡೆಯಿತು. ಪಶ್ಚಿಮದ ಎಡಗೈ ವೇಗಿ ರಶೀದ್ ಪಟೇಲ್ ಸ್ಟಂಪ್ ಕಿತ್ತುಕೊಂಡು ಬ್ಯಾಟರ್ ರಮಣ್ ಲಾಂಬಾ ಅವರನ್ನು ಅಟ್ಟಿಸಿಕೊಂಡು ಹೋದರು. ಪ್ರೇಕ್ಷಕರೂ ಕಲ್ಲು ತೂರಿದರು. ಪಟೇಲ್‌ಗೆ 13 ತಿಂಗಳು, ಲಾಂಬಾಗೆ 10 ತಿಂಗಳು ನಿಷೇಧ ವಿಧಿಸಲಾಯಿತು. 2022ರಲ್ಲಿ ಕೊಯಮತ್ತೂರಿನ ಫೈನಲ್‌ನಲ್ಲಿ ಪಶ್ಚಿಮ ವಲಯದ ಯಶಸ್ವಿ ಜೈಸ್ವಾಲ್ ದಕ್ಷಿಣದ ಬ್ಯಾಟರ್‌ನನ್ನು ಮಾತಿನಿಂದ ಕೆಣಕುತ್ತಲೇ ಇದ್ದಾಗ ಅಂಪೈರ್‌ಗಳು ಎಚ್ಚರಿಸಿದರು. ಅದೇ ಪಂದ್ಯದಲ್ಲಿ 265 ರನ್ ಹೊಡೆದಿದ್ದ ಆ ಹುಡುಗನನ್ನು ನಾಯಕ ಅಜಿಂಕ್ಯ ರಹಾನೆ ಮೈದಾನದಿಂದಲೇ ಹೊರಗೆ ಕಳುಹಿಸಿದರು. ಪಂದ್ಯವನ್ನು ಪಶ್ಚಿಮ 294 ರನ್‌ಗಳಿಂದ ಗೆದ್ದಿತು. ಜಮ್‌ಷೆಡ್‌ಪುರದಲ್ಲಿ ಯಾರಾದರೂ ಸಕಾಲಕ್ಕೆ ಇಂಥ ನಿರ್ಧಾರ ತೆಗೆದುಕೊಂಡಿದ್ದರೆ ಎನಿಸುತ್ತದೆ.

ಆಟದ ದೃಷ್ಟಿಯಿಂದ ನನ್ನ ಮಟ್ಟಿಗೆ ದುಲೀಪ್‌ನ ಅತಿ ದೊಡ್ಡ ಪಂದ್ಯ 2010ರ ಫೆಬ್ರುವರಿಯಲ್ಲಿ ಹೈದರಾಬಾದ್‌ನಲ್ಲಿ ನಡೆದ ಫೈನಲ್. ದಕ್ಷಿಣದ ದಿನೇಶ್ ಕಾರ್ತಿಕ್ 183 ಮತ್ತು 150 ಹೊಡೆದರು. ಪಶ್ಚಿಮಕ್ಕೆ ಎದುರಾದ ಗುರಿ 536. ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಅಷ್ಟು ದೊಡ್ಡ ಮೊತ್ತವನ್ನು ಅದುವರೆಗೆ ಯಾರೂ ಬೆನ್ನಟ್ಟಿ ಗೆದ್ದಿರಲಿಲ್ಲ. ಮೊದಲ ಇನಿಂಗ್ಸ್‌ನಲ್ಲಿ 108 ಹೊಡೆದಿದ್ದ ಯೂಸುಫ್ ಪಠಾಣ್ ಎರಡನೆಯದರಲ್ಲಿ ಅಜೇಯ 210 ಬಾರಿಸಿ, ಮೂರು ವಿಕೆಟ್ ಉಳಿದಿರುವಂತೆ ಗೆಲುವು ತಂದರು. ವಿಶ್ವದಾಖಲೆ ಅದು. ಸೋತದ್ದು ನಮ್ಮ ವಲಯವಾದರೂ ಆ ಇನಿಂಗ್ಸ್ ಮೆಚ್ಚದಿರಲು ಸಾಧ್ಯವಿಲ್ಲ.

ಇಷ್ಟೆಲ್ಲ ಇದ್ದ ಟೂರ್ನಿಯ ಜೊತೆ ಮಂಡಳಿ ನಡೆದುಕೊಂಡ ರೀತಿ ಬೇಸರ ತರಿಸುತ್ತದೆ. ನಾಕೌಟ್ ಆಗಿದ್ದದ್ದು 1993–94ರಲ್ಲಿ ಲೀಗ್ ಆಯಿತು. 2002–03ರಲ್ಲಿ ವಲಯಗಳನ್ನೇ ತೆಗೆದು ರಣಜಿಯ ಎಲೀಟ್, ಪ್ಲೇಟ್ ಗುಂಪುಗಳಿಂದ ತಂಡ ಮಾಡಿದರು. ಮರುವರ್ಷವೇ ವಲಯಗಳು ವಾಪಸಾದವು. ಆಮೇಲೆ ಕೆಲವು ವರ್ಷ ವಿದೇಶಿ ಅತಿಥಿ ತಂಡಗಳು ಬಂದವು. ಇದು ಮಾತ್ರ ಒಳ್ಳೆಯ ಪ್ರಯೋಗ: 2004ರಲ್ಲಿ ಗುರುಗ್ರಾಮದಲ್ಲಿ ಇಂಗ್ಲೆಂಡ್ ‘ಎ’ ಪರ ಕೆವಿನ್ ಪೀಟರ್ಸನ್ ದಕ್ಷಿಣದ ವಿರುದ್ಧ ಎರಡೂ ಇನಿಂಗ್ಸ್‌ಗಳಲ್ಲಿ ಶತಕ ಹೊಡೆದದ್ದು ಇಂಥದೇ ಪಂದ್ಯದಲ್ಲಿ. 2015–16ರಲ್ಲಿ ಟೂರ್ನಿಯೇ ನಡೆಯಲಿಲ್ಲ. 2016ರಲ್ಲಿ ಗ್ರೇಟರ್ ನೋಯ್ಡಾದಲ್ಲಿ ಗುಲಾಬಿ ಚೆಂಡಿನಿಂದ ಹಗಲು–ರಾತ್ರಿ ಆಡಿಸಿದರು. ಅದು ಬೇಕಾಗಿದ್ದ ಪ್ರಯೋಗವೇ. ಫೈನಲ್‌ನಲ್ಲಿ ಚೇತೇಶ್ವರ ಪೂಜಾರ ದೀಪದ ಬೆಳಕಿನಲ್ಲೂ ಕದಲದೆ ನಿಂತು ಅಜೇಯ 256 ಗಳಿಸಿದರು. ಆದರೆ ವಲಯಗಳ ಜಾಗಕ್ಕೆ ಇಂಡಿಯಾ ಬ್ಲೂ, ರೆಡ್, ಗ್ರೀನ್ ಎಂಬ ತಂಡಗಳು ಬಂದಿದ್ದವು. ಯಾವ ಊರಿಗೂ ಸೇರದ ಆ ಬಣ್ಣಗಳಿಗೆ ಯಾರು ಚಪ್ಪಾಳೆ ತಟ್ಟಬೇಕು? 2019ರವರೆಗೂ ಹಾಗೇ ನಡೆಯಿತು.

ಕೋವಿಡ್ ನಂತರ 2022ರಲ್ಲಿ ವಲಯಗಳು ಮರಳಿದವು. ಈಶಾನ್ಯದ ರಾಜ್ಯಗಳಿಗೆಂದು ಆರನೆಯ ವಲಯವೂ ಸೇರಿತು. ಅವರ ಹಾದಿ ಕಷ್ಟದ್ದಾಗಿತ್ತು. ಮೊದಲ ವರ್ಷವೇ ಪಶ್ಚಿಮ ಅವರ ಮೇಲೆ 2 ವಿಕೆಟ್‌ಗೆ 590 ರನ್ ಪೇರಿಸಿತು. ಮರುವರ್ಷ ಉತ್ತರಕ್ಕೆ 511 ರನ್‌ಗಳಿಂದ ಸೋತರು. ಹೀಗಿದ್ದ ಮೇಲೆ ಅವರೇಕೆ ಎಂಬ ಪ್ರಶ್ನೆ ಎದ್ದಿತು. ಆ ಪ್ರಶ್ನೆಗೆ ಪೂರ್ವ ವಲಯದ ಕಥೆಯೇ ಸಾಕು. ಐವತ್ತು ವರ್ಷ ಒಮ್ಮೆಯೂ ಗೆಲ್ಲದ ಪೂರ್ವ 2011–12ರಲ್ಲಿ ಮೊದಲ ಟ್ರೋಫಿ ಎತ್ತಿತು, ಮುಂದಿನ ವರ್ಷ ಅದನ್ನು ಉಳಿಸಿಕೊಂಡಿತು.

2023ರ ಜುಲೈನಲ್ಲಿ ಫೈನಲ್ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಬಂತು. ಮಳೆಗಾಲದ ಮೋಡ, ಹಸಿರು ಪಿಚ್. ಕೊಡಗಿನ ವೇಗಿ ವಿದ್ವತ್ ಕಾವೇರಪ್ಪ ಪಶ್ಚಿಮದ ಮೊದಲ ಇನಿಂಗ್ಸ್‌ನಲ್ಲಿ 53 ರನ್‌ಗೆ 7 ವಿಕೆಟ್ ಕಿತ್ತರು. ಪೂಜಾರ, ಸೂರ್ಯಕುಮಾರ್ ಅಂಥವರಿದ್ದ ತಂಡವನ್ನು ಆಂಧ್ರದ ಹನುಮ ವಿಹಾರಿ ನಾಯಕತ್ವದ ದಕ್ಷಿಣ 75 ರನ್‌ಗಳಿಂದ ಮಣಿಸಿತು. ಹಂಚಿಕೊಂಡವೂ ಸೇರಿ ಅದು ದಕ್ಷಿಣದ 14ನೇ ಟ್ರೋಫಿ. ಪಶ್ಚಿಮದ ಬಳಿ 19, ಉತ್ತರದ ಬಳಿ 18 ಇವೆ.

ಇಷ್ಟಾದ ಮೇಲೂ 2024ರಲ್ಲಿ ಮತ್ತೆ ವಲಯ ಬಿಟ್ಟು ಇಂಡಿಯಾ ‘ಎ’ಯಿಂದ ‘ಡಿ’ವರೆಗೆ ನಾಲ್ಕು ತಂಡ ಮಾಡಿದರು. ನಮ್ಮ ಮಯಂಕ್ ಅಗರವಾಲ್ ಮುನ್ನಡೆಸಿದ ‘ಎ’ ತಂಡ ಗೆದ್ದಿತು. ಸಂತೋಷವೇ, ಆದರೆ ಅದು ಯಾರ ಗೆಲುವೆಂದು ಹೇಳುವುದು ಕಷ್ಟ. 2025ರಲ್ಲಿ ಆರು ವಲಯಗಳು ಮತ್ತೆ ಬಂದವು, ಕಳೆಯೂ ಬಂತು. ಜಮ್ಮು–ಕಾಶ್ಮೀರದ ಅಕೀಬ್ ನಬಿ ಉತ್ತರದ ಪರ ಸತತ ನಾಲ್ಕು ಎಸೆತಗಳಲ್ಲಿ ನಾಲ್ಕು ವಿಕೆಟ್ ಪಡೆದರು. ದುಲೀಪ್‌ನಲ್ಲಿ ಹಿಂದೆ ಯಾರೂ ಮಾಡದ ಸಾಧನೆ. ಬೆಂಗಳೂರಿನ ಹೊರವಲಯದಲ್ಲಿ ಮಂಡಳಿ ಕಟ್ಟಿರುವ ಹೊಸ ಕೇಂದ್ರದ ಮೈದಾನದಲ್ಲಿ ನಡೆದ ಫೈನಲ್‌ನಲ್ಲಿ ದಕ್ಷಿಣ 149ಕ್ಕೆ ಉರುಳಿತು. ಯಶ್ ರಾಥೋಡ್ ಅವರ 194, ನಾಯಕ ರಜತ್ ಪಾಟೀದಾರ್ ಅವರ ಶತಕದ ಬಲದಿಂದ ಕೇಂದ್ರ ವಲಯ 11 ವರ್ಷಗಳ ನಂತರ ಟ್ರೋಫಿ ಗೆದ್ದಿತು.

ಗೋಣಿಕೊಪ್ಪ, ವಿಜಯವಾಡ, ತಿರುವನಂತಪುರದಂಥ ಊರುಗಳಲ್ಲಿ ಬೆಳೆಯುವ ಹುಡುಗನಿಗೆ ರಾಜ್ಯ ತಂಡದ ಮುಂದಿನ ಮೆಟ್ಟಿಲು ಕಣ್ಣಿಗೆ ಕಾಣುವಂತಿರಬೇಕು. ದಕ್ಷಿಣ ವಲಯ ಅಂಥ ಮೆಟ್ಟಿಲು. ಕ್ರಿಕೆಟ್ ಮಂಡಳಿ ಇನ್ನಾದರೂ ಈ ಆರು ವಲಯಗಳನ್ನು ಹಾಗೇ ಉಳಿಸಿಕೊಂಡು, ಪಂದ್ಯಗಳನ್ನು ಜನ ಹೋಗಿ ನೋಡಬಹುದಾದ ಊರೊಳಗಿನ ಮೈದಾನಗಳಲ್ಲಿ ಆಡಿಸಲಿ.